ಹಾಳೆಯ ಮೇಲಿನ ಪ್ಲಸ್

ಗಂಗಾವತಿಯ ವಿರುಪಣ್ಣ ಸರ್ ಟ್ಯೂಷನ್ನಿನಲ್ಲಿ ಫೀ ಇಲ್ಲದ ಪಿಯುಸಿ ಬ್ಯಾಚಿಗೆ ಇಪ್ಪತ್ತೇ ಸೀಟು. ಪರೀಕ್ಷೆ ಬರೆಸಿ ಆರಿಸುತ್ತಾರೆ. ಗೋಡೆಗೆ ಅಂಟಿಸಿದ ಹೆಸರುಗಳಲ್ಲಿ ದೀಪಿಕಾ ಇರಲಿಲ್ಲ. ಒಂದೇ ಒಂದು ಲೆಕ್ಕದಿಂದ ಸೀಟು ಹೋಯಿತು ಅಂತ ತಿಳಿದಾಗ ಅವಳು ಅಳಲಿಲ್ಲ, ಗದ್ದೆ ಕೆಲಸದಲ್ಲಿದ್ದ ಅವ್ವನನ್ನು ಕರೆದುಕೊಂಡೇ ಬಂದಳು. ಅವ್ವ ಗಾಳೆಮ್ಮ ಶ್ರೀರಾಮನಗರದ ಗದ್ದೆಗಳಲ್ಲಿ ನಾಟಿ ಹಚ್ಚುವಾಕಿ. ಕಾಲಿನ ಕೆಸರು ಒಣಗುವ ಮೊದಲೇ ಆಟೋ ಹತ್ತಿದ್ದಳು.

"ನೋಡವ್ವಾ," ಸರ್ ಉತ್ತರಪತ್ರಿಕೆ ತಿರುಗಿಸಿ ತೋರಿಸಿದರು. "ಇದರ ರೂಟ್ ಒಂದು, ಮೈನಸ್ ಒಂದು, ಎರಡು, ಮೈನಸ್ ಎರಡು. ಹುಡುಗ್ರೆಲ್ಲಾ ಅದನ್ನ ಬರದಾರ. ನಿನ್ನ ಮಗಳು ನಾಲ್ಕಕ್ಕೂ ಬಾಲದಂಗ ಐ ಹಚ್ಯಾಳ. ಶಾಣ್ಯಾತನ ತೋರ್ಸಾಕ ಹೋಗಿ ಕೆಟ್ಟಾಳ."

"ಐ ಅಂದ್ರ ಏನ್ರಿ ಸರ?"

"ಕಾಂಪ್ಲೆಕ್ಸ್ ನಂಬರ್. ಅದನ್ನ ಅದಕ್ಕ ಗುಣಿಸಿದ್ರ ಮೈನಸ್ ಒಂದು ಬರತೈತಿ. ನಿನಗ ತಿಳಿಯಂಗಿಲ್ಲ ಬಿಡು."

ದೀಪಿಕಾ ಪ್ರಶ್ನೆಪತ್ರಿಕೆಯನ್ನು ಮೇಜಿನ ಮೇಲೆ ಬಡಿದಿಟ್ಟಳು. x⁴ + 5x² + 4 = 0.

"ಇಲ್ಲಿ ಪ್ಲಸ್ ಐತ್ರಿ ಸರ. ಯಾವ ನಂಬರ್ ಹಾಕಿದ್ರೂ, ಮೈನಸ್ ಹಾಕಿದ್ರೂ, ಮೊದಲಿನ ಎರಡು ಸೊನ್ನೆಗಿಂತ ಕೆಳಗ ಇಳಿಯಂಗಿಲ್ಲ. ಅದರ ಮ್ಯಾಲೆ ನಾಲ್ಕು ಕೂಡಿಸಿದ್ರ ಸೊನ್ನೆ ಎಲ್ಲಿಂದ ಬರಬೇಕ್ರಿ? ರಿಯಲ್ ರೂಟ್ ಒಂದೂ ಇಲ್ಲ. ನಾಲ್ಕರಾಗೂ ಐ ಬರಾಕಬೇಕು."

ಸರ್ ಹಾಳೆಯನ್ನು ಕಣ್ಣಿನ ಹತ್ತಿರ ತಂದು ನೋಡಿದರು. ದೂರ ಹಿಡಿದೂ ನೋಡಿದರು. ಪ್ಲಸ್ ಅಲ್ಲೇ ಇತ್ತು.

"ಪ್ರಿಂಟ್ ತಪ್ಪೈತಿ. ನಾ ಕೊಟ್ಟಿದ್ದು ಮೈನಸ್ ಐದು. ಪ್ರತಿ ವರ್ಷ ಅದನ್ನೇ ಕೊಡ್ತೀನಿ. ಎಲ್ಲಾರಿಗೂ ಗೊತ್ತಾತು, ನಿನಗೊಬ್ಬಾಕಿಗೆ ಗೊತ್ತಾಗಲಿಲ್ಲ."

ದೀಪಿಕಾ ಮುಂದಕ್ಕೆ ಬಾಗಿದಳು. "ನಿಮ್ಮ ತಲ್ಯಾಗಿನ ಲೆಕ್ಕ ನಾ ಹೆಂಗ ಬಿಡಿಸ್ಲಿ ಸರ? ಹಾಳ್ಯಾಗ ಇದ್ದದ್ದು ಬಿಡಿಸೀನಿ."

ಮೇಜಿನ ಮೇಲಿದ್ದ ಕಟ್ಟಿನಲ್ಲಿ ಎಲ್ಲಕ್ಕಿಂತ ಮೇಲಿನದು ಯಂಕೇಶನ ಪತ್ರಿಕೆ. ಫಸ್ಟ್ ಬಂದ ಹುಡುಗ. ಉತ್ತರ ಸರಿಯೋ ಇಲ್ಲವೋ ಅಂತ x ಬದಲು 1 ಹಾಕಿ ತಾಳೆ ಬೇರೆ ನೋಡಿದ್ದ: 1 + 5 + 4 = 0. ಮುಂದೆ ಸರ್ ಹೊಡೆದ ಕೆಂಪು ಟಿಕ್.

"ಇದು ಸರಿ ಏನ್ರಿ?" ದೀಪಿಕಾ ಅದರ ಮೇಲೆ ಬೆರಳಿಟ್ಟಳು.

"ಏ, ಅದನ್ನ ಬಿಡು." ಸರ್ ದನಿ ಇಳಿಸಿ ಗಾಳೆಮ್ಮನ ಕಡೆ ತಿರುಗಿದರು. "ಒಂದು ಸೀಟು ಹೆಚ್ಚಿಗಿ ಮಾಡ್ತೀನವ್ವ. ಬಡವರ ಮಗಳು, ಗ್ರೇಸ್ ಮಾರ್ಕ್ಸ್ ಅಂತ ಬರಕೋತೀನಿ. ಆದ್ರ ಈ ಪ್ಲಸ್ ಮಾತು ಹೊರಗ ಹೋಗಬಾರ್ದು. ಆ ಹುಡುಗನ ಫ್ಲೆಕ್ಸ್ ಆಗಲೇ ಸರ್ಕಲ್ಲಿನಾಗ ನಿಂತೈತಿ."

ಗಾಳೆಮ್ಮ ಎರಡೂ ಕೈ ಎತ್ತಿ ಮುಗಿದಳು. "ನಿಮ್ಮ ಹೊಟ್ಟಿ ತಣ್ಣಗಿರ್ಲಿ ಸರ."

"ಗ್ರೇಸ್ ಬ್ಯಾಡ್ರಿ," ಅಂದಳು ದೀಪಿಕಾ. "ಸರಿ ಐತಿ ಅಂತ ಕೊಡ್ರಿ." ಮೇಜಿನ ಮೇಲಿನ ಕೆಂಪು ಪೆನ್ನು ಎತ್ತಿಕೊಂಡು ಯಂಕೇಶನ ಸೊನ್ನೆ ಹೊಡೆದುಹಾಕಿ, ಪಕ್ಕದಲ್ಲಿ ಹತ್ತು ಅಂತ ಬರೆದಳು, ಹಾಳೆ ಹರಿಯುವಂತೆ ಒತ್ತಿ.

ಸರ್ ಪೆನ್ನು ಕಸಿದುಕೊಂಡರು. "ನಡೀರಿ ಇಬ್ಬರೂ. ಸೀಟೂ ಇಲ್ಲ, ಏನೂ ಇಲ್ಲ."

ಮೆಟ್ಟಿಲು ಇಳಿಯುವ ತನಕ ಗಾಳೆಮ್ಮ ತಡೆದುಕೊಂಡಳು. ರಸ್ತೆಗೆ ಬಂದದ್ದೇ ತಡ, ಮಗಳ ರಟ್ಟೆ ಹಿಡಿದು ಅಲ್ಲಾಡಿಸಿದಳು. "ಎಷ್ಟ ಸೊಕ್ಕ ನಿನಗ? ಕೈಗೆ ಬಂದ ಸೀಟು ಒದ್ದಿ. ನಾಳೆ ನನ್ನ ಜೋಡಿ ಗದ್ದಿಗೆ ಬಾ, ಕೆಸರಾಗ ಹಚ್ಚೀಯಂತ ನಿನ್ನ ಐ."

"ಬರತೀನಿ."

"ಬರತಾಳಂತ." ಗಾಳೆಮ್ಮ ನಾಕು ಹೆಜ್ಜೆ ಸಿಟ್ಟಿನಿಂದ ನಡೆದಳು. "ಅಷ್ಟಕ್ಕೂ ಆ ಹುಡುಗ ಏನ್ ಬರದಿದ್ದ?"

"ಒಂದು, ಐದು, ನಾಲ್ಕು ಕೂಡಿಸಿದ್ರ ಸೊನ್ನೆ ಅಂತ."

"ಅದನ್ನ ಸರ್ ಸರಿ ಅಂದ್ರಾ?"

"ಟಿಕ್ ಹೊಡದಾರ. ಅವನೇ ಫಸ್ಟ್."

ಗಾಳೆಮ್ಮ ನಿಂತುಬಿಟ್ಟಳು. ಶ್ರೀರಾಮನಗರದ ಆಟೋದವನು ಕೂಗಿದ್ದು ಕೇಳಿಸಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹಿಂದಕ್ಕೆ ತಿರುಗಿದಳು.

"ಎಲ್ಲಿಗವ್ವ?"

"ಅವಗ ಕೈ ಮುಗದು ಬಂದೀನಲ್ಲ," ಅಂದಳು ಗಾಳೆಮ್ಮ, "ಅದನ್ನ ತಿರುಗಿ ಇಸಕೊಂಡು ಬರತೀನಿ."