ಅಂಗಾತ ಬೀಳದ ಹತ್ತು ದಿನ

ನಾನೊಂದು ದಿಂಬು. ತಲೆದಿಂಬು ಎಂದರೆ ಮಾತ್ರ ನನಗೆ ಸಿಟ್ಟು ಬರುತ್ತದೆ. ನನ್ನ ಮೇಲೆ ಯಾರೂ ತಲೆ ಇಡುವುದಿಲ್ಲ, ಮುಖ ಇಡುತ್ತಾರೆ. ಮೈಸೂರಿನ ಹಾಸಿಗೆ ಅಂಗಡಿಯೊಂದರಲ್ಲಿ ಸತ್ತಾರ್ ಸಾಹೇಬರು ನನ್ನನ್ನು ಹೊಲಿದರು. ಕಣ್ಣಿನ ಆಸ್ಪತ್ರೆಯಿಂದ ಬಂದ ಚೀಟಿ ನೋಡಿ, "ಕುದುರೆ ಲಾಳದ ಥರ ಮಧ್ಯ ಖಾಲಿ ಬಿಡಬೇಕಂತೆ. ಇದರ ಮೇಲೆ ಯಾವ ಮಹಾರಾಯ ನಿದ್ದೆ ಮಾಡ್ತಾನೋ," ಎಂದು ನಕ್ಕರು. ನಗಲಿ ಬಿಡಿ. ಹತ್ತಿಯನ್ನಂತೂ ಗಟ್ಟಿಯಾಗಿ ತುಂಬಿದರು.

ಆಸ್ಪತ್ರೆಯವರು ನನ್ನನ್ನು ರೋಗಿಗಳಿಗೆ ಎರವಲು ಕೊಡುತ್ತಿದ್ದರು. ಮೊದಲು ಒಯ್ದವರು ಒಬ್ಬ ಬ್ಯಾಂಕ್ ಮ್ಯಾನೇಜರು. ಎರಡು ದಿನ ಹೇಳಿದ ಹಾಗೆ ಬೋರಲು ಮಲಗಿದರು. ಮೂರನೇ ದಿನ ಕತ್ತು ನೋವೆಂದು ನನ್ನನ್ನು ಬೆನ್ನಿಗೆ ಕೊಟ್ಟುಕೊಂಡು ಟಿವಿ ಮುಂದೆ ಕುಳಿತರು. ಅವರ ಕಣ್ಣಿಗೆ ಎರಡನೇ ಸಲ ಆಪರೇಷನ್ ಆಯಿತು. ದೂರು ಬಂದದ್ದು ನನ್ನ ಮೇಲೆ, ದಿಂಬು ಗಟ್ಟಿಯಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆಮೇಲೆ ನಂಜನಗೂಡಿನ ಒಬ್ಬ ಟೀಚರಮ್ಮ ಬಂದರು. ಮಾತಿಲ್ಲದೆ ಮಲಗಿದರು, ಕಣ್ಣು ಉಳಿಸಿಕೊಂಡರು, ನನ್ನ ಗವಸನ್ನು ಒಗೆದು ಇಸ್ತ್ರಿ ಮಾಡಿ ತಂದುಕೊಟ್ಟರು.

ಮೂರನೆಯವನು ಪೈಲ್ವಾನ್ ಜವರಪ್ಪ. ಅರವತ್ತೆರಡು ವರ್ಷ, ಗರಡಿಮನೆಯ ಉಸ್ತಾದ್. ಊರೆಲ್ಲ ಅವನನ್ನು ಬಹುವಚನದಲ್ಲಿ ಕರೆಯುತ್ತದೆ. ಹತ್ತು ದಿನ ಮುಖಕ್ಕೆ ಮುಖ ಕೊಟ್ಟವನಿಗೆ ಬಹುವಚನ ಹಚ್ಚಲು ನನ್ನಿಂದಾಗದು.

ಅವನ ಎಡಗಣ್ಣು ಮೂರು ವರ್ಷದ ಹಿಂದೆಯೇ ಹೋಗಿತ್ತು. ಒಂದು ಮಗ್ಗುಲಿನಿಂದ ಕಪ್ಪು ಪರದೆ ಇಳಿದ ಹಾಗಾದಾಗ ಅಖಾಡದ ಮಣ್ಣು ಬಿದ್ದಿರಬೇಕೆಂದು ಹರಳೆಣ್ಣೆ ಬಿಟ್ಟುಕೊಂಡು ಸುಮ್ಮನಿದ್ದ. ಪೈಲ್ವಾನ್ ಎಂದಾದರೂ ನೋವು ಅನ್ನುತ್ತಾನೆಯೇ? ಈ ಸಲ ಬಲಗಣ್ಣಿಗೂ ಅದೇ ಪರದೆ ಇಳಿಯತೊಡಗಿತು. ಹೆಂಡತಿ ಪುಟ್ಟತಾಯಮ್ಮ ಅವನ ಮಾತು ಕೇಳಲಿಲ್ಲ, ಆಟೋದಲ್ಲಿ ಕೂರಿಸಿಕೊಂಡು ನೇರ ಆಸ್ಪತ್ರೆಗೆ ಕರೆತಂದಳು. ಉಳಿದಿದ್ದದ್ದು ಅದೊಂದೇ ಕಣ್ಣು. ಅದೂ ಹೋದರೆ ಗರಡಿಯ ಹುಡುಗರ ಪಟ್ಟು ತಿದ್ದುವವರು ಯಾರು? ಪಟ್ಟು ಕಾಣದ ಉಸ್ತಾದನನ್ನು ಗರಡಿ ಎಷ್ಟು ದಿನ ಇಟ್ಟುಕೊಂಡೀತು?

ಆಪರೇಷನ್ ಆದ ಮೇಲೆ ಡಾಕ್ಟರ್ ವಾರಿಜಾ ನನ್ನನ್ನು ಕೈಯಲ್ಲಿ ಹಿಡಿದೇ ಬಂದು ಗಂಡ ಹೆಂಡತಿಗೆ ಬಿಡಿಸಿ ಹೇಳಿದರು.

"ಕಣ್ಣೊಳಗೆ ಲೋಳೆ ಥರ ಇರುತ್ತೆ. ಅದು ಎಳೆದೂ ಎಳೆದೂ ಹಿಂದಿನ ಪರದೆ, ರೆಟಿನಾ ಅಂತೀವಲ್ಲ, ಅದು ಹರಿದು, ಗೋಡೆ ಸುಣ್ಣ ಎದ್ದ ಹಾಗೆ ಎದ್ದುಬಿಟ್ಟಿತ್ತು. ಸೂಜಿಮೊನೆಯಷ್ಟು ಮೂರು ತೂತು ಮಾಡಿ ಆ ಲೋಳೆ ತೆಗೆದು, ಪರದೆ ಕೂರಿಸಿ, ಹರಿದಲ್ಲಿಗೆ ಲೇಸರ್ ಹಾಕಿದ್ದೀವಿ. ಈಗ ಒಳಗಡೆ ಗ್ಯಾಸಿನ ಗುಳ್ಳೆ ಇದೆ. ಗುಳ್ಳೆ ಯಾವಾಗಲೂ ಮೇಲಕ್ಕೇ ಹೋಗುತ್ತೆ. ನೀವು ಮುಖ ಕೆಳಗೆ ಮಾಡಿದ್ರೆ ಅದು ಪರದೆನ ಒತ್ತಿ ಹಿಡಿಯುತ್ತೆ. ಅಂಗಾತ ಬಿದ್ದರೆ ಕೈಬಿಡುತ್ತೆ. ಹತ್ತು ದಿನ ಹೀಗೇ ಇರಬೇಕು. ಗುಳ್ಳೆ ಕರಗೋವರೆಗೂ ವಿಮಾನ ಇಲ್ಲ, ಬೆಟ್ಟ ಹತ್ತೋ ಹಾಗಿಲ್ಲ."

"ಅಂಗಾತ ಬೀಳಬಾರದು, ಅಷ್ಟೇ ತಾನೆ?" ಎಂದ ಜವರಪ್ಪ. "ನಲವತ್ತು ವರ್ಷ ಅದೇ ಕಸುಬು ಮಾಡಿವ್ನಿ ತಾಯಿ."

ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಸೋಲು, ಅದಕ್ಕೆ ಚಿತ್ ಎನ್ನುತ್ತಾರೆ. ಕೆಳಗೆ ಬಿದ್ದ ಪೈಲ್ವಾನ್ ನೆಲ ಕಚ್ಚಿಕೊಂಡು ಬೋರಲೇ ಇರುತ್ತಾನೆ, ಮೇಲಿನವನು ಮಗುಚಲು ನೋಡುತ್ತಾನೆ. ಇದನ್ನೆಲ್ಲ ನಾನು ಜವರಪ್ಪನ ಬಾಯಿಂದಲೇ ಕಲಿತೆ. ಕೇಳುವವರು ಯಾರೂ ಇಲ್ಲದಿದ್ದರೂ ನನ್ನ ತೂತಿನೊಳಕ್ಕೆ ಮಾತಾಡುತ್ತಲೇ ಇದ್ದ.

ಮಾತು ದೊಡ್ಡದು, ಬುದ್ಧಿ ಅಷ್ಟಕ್ಕಷ್ಟೆ. ಮಾರನೇ ಬೆಳಿಗ್ಗೆ ನರ್ಸಮ್ಮ ಬಾಗಿಲು ತೆರೆದರೆ ಆಸಾಮಿ ನನ್ನನ್ನು ಪಕ್ಕಕ್ಕೆ ತಳ್ಳಿ ನೆಲದ ಮೇಲೆ ದಂಡ ಹೊಡೆಯುತ್ತಿದ್ದಾನೆ! ಹದಿನೆಂಟನೆಯದಂತೆ. "ಮುಖ ಕೆಳಕ್ಕೇ ಅದೆ ಕಣಮ್ಮ," ಎಂದ. ಕಣ್ಣಿಗೆ ಆಯಾಸ ಆಗಬಾರದೆಂದು ನರ್ಸಮ್ಮ ಕೊಟ್ಟ ಬೈಗುಳಕ್ಕೆ ವಾರ್ಡೇ ಎದ್ದು ಕುಳಿತಿತು. ನನಗಂತೂ ಖುಷಿಯಾಯಿತು.

ಮನೆಯಲ್ಲಿ ಬೇರೆಯೇ ಕಾಟ. ನೋಡಲು ಬಂದವರೆಲ್ಲ ಕಿತ್ತಳೆ ಹಣ್ಣು ಇಟ್ಟು, "ಒಸಿ ಮುಖ ತೋರ್ಸಿ ಉಸ್ತಾದ್," ಎನ್ನುತ್ತಿದ್ದರು. ಅವನು ಕತ್ತೆತ್ತದೆ ಮಾತಾಡಿದರೆ ಸೊಕ್ಕು ಎಂದುಕೊಂಡು ಹೋದರು. ಅವನ ಅಕ್ಕ ನಿಂಗಾಜಮ್ಮನದು ಎಲ್ಲರಿಗಿಂತ ಹೆಚ್ಚು. "ಮಕಾಡೆ ಮಲಗಿದ್ರೆ ಮನೆಗೆ ದರಿದ್ರ ಕಣೋ. ಸತ್ತ ಮನೇಲೂ ಹಿಂಗೆ ಮಲಗಕಿಲ್ಲ," ಎಂದು ದಿನಕ್ಕೆ ಹತ್ತು ಸಲ. ಈ ಪಾಪದ ದಿಂಬನ್ನು ಒಲೆಗೆ ಹಾಕಬೇಕಂತೆ. ಹಾಕಿ ನೋಡಲಿ, ಹೊಗೆ ಎಬ್ಬಿಸಿ ಮನೆಯವರನ್ನೆಲ್ಲ ಹೊರಗೆ ಓಡಿಸುತ್ತಿದ್ದೆ.

ಆರನೇ ದಿನ ಮಧ್ಯಾಹ್ನ ಪುಟ್ಟತಾಯಮ್ಮ ಔಷಧಿ ಅಂಗಡಿಗೆ ಹೋಗಿದ್ದಳು. ಜವರಪ್ಪನಿಗೆ ಜೊಂಪು ಹತ್ತಿತ್ತು. ನಿಂಗಾಜಮ್ಮ ಗರಡಿಯ ಇಬ್ಬರು ಶಿಷ್ಯರನ್ನು ಕರೆದು, "ಮೆತ್ತಗೆ ಮಗುಚ್ರಪ್ಪಾ, ಪಾಪ, ಒಂದು ಗಳಿಗೆ ಸುಖವಾಗಿ ಮಲಗಲಿ," ಎಂದಳು. ಪ್ರೀತಿಯಿಂದಲೇ ಅಂದಳು, ಸುಳ್ಳು ಹೇಳಲಾರೆ. ಇಬ್ಬರೂ ಭುಜಕ್ಕೆ ಕೈ ಹಾಕಿದರು. ಅವನ ಕೆನ್ನೆ ನನ್ನಿಂದ ಎದ್ದಿತು. ನನಗೆ ಕೈಯಿದ್ದಿದ್ದರೆ ಹಿಡಿದುಕೊಳ್ಳುತ್ತಿದ್ದೆ.

ಜವರಪ್ಪ ಎಚ್ಚರವಾಗುವ ಮೊದಲೇ ಅವನ ಮೈ ಎಚ್ಚರವಾಯಿತು. ಕಾಲು ಅಗಲಿಸಿ ಮಂಚದ ಪಟ್ಟಿಗೆ ಸಿಕ್ಕಿಸಿದ, ಮೊಣಕೈ ಒಳಕ್ಕೆಳೆದುಕೊಂಡ, ಹಣೆಯನ್ನು ನನ್ನೊಳಕ್ಕೆ ಊರಿದ. ಇಪ್ಪತ್ತೈದರ ಇಬ್ಬರು ಎಳೆದರೂ ಅಲುಗಲಿಲ್ಲ.

"ಅಕ್ಕ, ಕೊಲ್ಲಾಪುರದ ಪೈಲ್ವಾನನ ಕೈಲೂ ನಾನು ಚಿತ್ ಆಗ್ಲಿಲ್ಲ. ನಿನ್ ಕೈಲಿ ಆಗ್ತೀನಾ?" ಎಂದ. ಆಮೇಲೆ ದನಿ ಇಳಿಯಿತು. "ನಂಗೆ ಭಯ ಆಯ್ತದೆ ಕಣಕ್ಕ. ಇರೋದೊಂದೇ ಕಣ್ಣು. ಕತ್ತಲಾದ್ರೆ ನಾನ್ಯಾರು?"

ಅವನು ಅತ್ತ. ನನ್ನ ಗವಸು ಒದ್ದೆಯಾಯಿತು. ನಿಂಗಾಜಮ್ಮ ಶಿಷ್ಯರನ್ನು ಹೊರಗೆ ಕಳಿಸಿ, ಸೆರಗು ಸಿಕ್ಕಿಸಿ, ಎಪ್ಪತ್ತರ ಮಂಡಿ ಮಡಿಸಿ ಮಂಚದ ತಲೆಯ ಕೆಳಗೆ ನೆಲದ ಮೇಲೆ ಮಲಗಿದಳು. ನನ್ನ ಖಾಲಿ ಮಧ್ಯ ಮಂಚದ ಅಂಚಿನಿಂದ ಹೊರಕ್ಕೆ ಚಾಚಿತ್ತು, ಅವಳ ಮುಖ ಆ ತೂತಿನ ನೇರಕ್ಕೆ ಬಂತು. "ಮಾತಾಡು, ನಾನು ಇಲ್ಲೇ ಇವ್ನಿ," ಎಂದಳು. ಉಳಿದ ನಾಲ್ಕು ದಿನವೂ ಊಟದ ಹೊತ್ತು ಬಿಟ್ಟರೆ ಅಲ್ಲೇ ಇದ್ದಳು. ದರಿದ್ರದ ಮಾತು ಮತ್ತೆ ಎತ್ತಲಿಲ್ಲ.

ಎರಡು ತಿಂಗಳಿಗೆ ಗುಳ್ಳೆ ಪೂರ್ತಿ ಕರಗಿತು. ಆಸ್ಪತ್ರೆಯ ಅಕ್ಷರದ ಹಲಗೆಯಲ್ಲಿ ಜವರಪ್ಪ ಮೇಲಿನ ಮೂರು ಸಾಲು ಓದಿ ನಿಂತ. ಡಾಕ್ಟರಮ್ಮ, "ಪರದೆ ಚೆನ್ನಾಗಿ ಕೂತಿದೆ. ಆದರೆ ದೃಷ್ಟಿ ಇದಕ್ಕಿಂತ ಹೆಚ್ಚು ಬರೋದು ಕಷ್ಟ," ಎಂದರು.

"ಮೂರು ಸಾಲು ಸಾಕು ತಾಯಿ. ನನ್ನ ಹುಡುಗರು ಅಕ್ಷರಕ್ಕಿಂತ ದಪ್ಪ ಅವ್ರೆ."

ಅವನ ಭಾರಕ್ಕೆ ನಾನು ಚಪ್ಪಟೆಯಾಗಿದ್ದೆ, ಹೊಲಿಗೆ ಬಿಟ್ಟಿತ್ತು. ಆಸ್ಪತ್ರೆಗೆ ಆಗಲೇ ಸ್ಪಂಜಿನ ಹೊಸ ದಿಂಬುಗಳು ಬಂದಿದ್ದವು. ವಾಪಸು ಕೊಡಲು ತಂದಿದ್ದ ನನ್ನನ್ನು ನರ್ಸಮ್ಮ ಕಸದ ಬುಟ್ಟಿಯತ್ತ ಒಯ್ಯುವಾಗ ಜವರಪ್ಪ ಕಿತ್ತುಕೊಂಡು ಕಂಕುಳಿಗೆ ಸಿಕ್ಕಿಸಿದ.

ಈಗ ನಾನು ಗರಡಿಯ ಕಲ್ಲುಜಗಲಿಯ ಮೇಲಿದ್ದೇನೆ. ಮೈತುಂಬ ಕೆಮ್ಮಣ್ಣು. ಜವರಪ್ಪ ನನ್ನ ಮೇಲೆ ಮುಖ ಇಡುವುದಿಲ್ಲ. ಏನು ಇಡುತ್ತಾನೆಂದು ಬಿಡಿಸಿ ಹೇಳಬೇಕಾಗಿಲ್ಲ. ಇದು ಅಧೋಗತಿ ಎನ್ನುವವರು ಎನ್ನಲಿ. ಅಟ್ಟದ ಮೇಲೆ ಇಸ್ತ್ರಿ ಗವಸು ಹಾಕಿಕೊಂಡು ಇಲಿಗೆ ಮೇವಾಗುವುದಕ್ಕಿಂತ ಈ ಮಣ್ಣೇ ಮೇಲು.

ಅವನು ಅಖಾಡಕ್ಕೆ ಇಳಿಯುವಂತಿಲ್ಲ, ಡಾಕ್ಟರಮ್ಮನ ಕಟ್ಟಪ್ಪಣೆ. ಉಸ್ತಾದನ ಕಣ್ಣು ಮುಗಿಯಿತೆಂದು ಹೊಸಬರು ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಾರೆ. ನಿನ್ನೆ ಅಂಥವನೊಬ್ಬ ಕೆಳಗೆ ಬಿದ್ದವನನ್ನು ಮಗುಚಲಾಗದೆ, ಯಾರಿಗೆ ಕಂಡೀತೆಂದು ಅವನ ಕಿರುಬೆರಳನ್ನು ಹಿಡಿದು ತಿರುಚಿದ. ಅದು ಕುಸ್ತಿಯ ನಿಯಮಕ್ಕೆ ವಿರುದ್ಧ.

ಜವರಪ್ಪ ಕುಳಿತಲ್ಲಿಂದ ಏಳಲೂ ಇಲ್ಲ.

"ಬೆರಳು ಬಿಡ್ಲಾ," ಎಂದ. "ಕಾಣ್ತಾ ಅದೆ ನಂಗೆ."