ಸಹಿ ಹಾಕದವರ ಚುಕ್ಕಿ

ಅರಾಂಕಾಳ ಕೆಲಸಕ್ಕೆ ಸಂಚಕಾರ ತಂದದ್ದು ನಾನು ಬರೆದ ಚಿತ್ರ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನನ್ನನ್ನು ಹೊಗಳುವುದು ಬೇಡ.

ಟಿಸಾ ನದಿಯ ದಂಡೆಯ ನಮ್ಮ ಊರಿನ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅಂಕಿ ಅಂಶ ನೋಡಿಕೊಳ್ಳುವವಳು ನಾನು. ಆ ಬೇಸಿಗೆ ಮೂರನೆಯ ಮಹಡಿಯಲ್ಲಿ ಒಂದು ಹಟಮಾರಿ ಸೋಂಕು ಹಾಸಿಗೆಯಿಂದ ಹಾಸಿಗೆಗೆ ದಾಟತೊಡಗಿತು. ಹನ್ನೆರಡು ವಾರಗಳಲ್ಲಿ ಹತ್ತೊಂಬತ್ತು ಜನರಿಗೆ ಹತ್ತಿತು. ಅದು ಯಾವ ದಾರಿಯಲ್ಲಿ ಓಡಾಡುತ್ತಿದೆಯೋ ಕಂಡುಹಿಡಿಯಿರಿ ಎಂದರು ನಿರ್ದೇಶಕರು. ನನಗೆ ಗೊತ್ತಿರುವ ವಿದ್ಯೆ ಒಂದೇ. ಒಬ್ಬೊಬ್ಬ ಮನುಷ್ಯನಿಗೂ ಒಂದು ಚುಕ್ಕಿ, ಒಬ್ಬರು ಇನ್ನೊಬ್ಬರ ಹತ್ತಿರ ಹೋಗಿದ್ದರೆ ನಡುವೆ ಒಂದು ಗೆರೆ. ಕರೆಂಟು, ರೈಲು, ಗಾಳಿಸುದ್ದಿ, ರೋಗ, ಎಲ್ಲವೂ ಓಡುವುದು ಇಂಥ ಜಾಲದಲ್ಲೇ. ಯಾವ ಚುಕ್ಕಿಯನ್ನು ಅಳಿಸಿದರೆ ಜಾಲ ಚೂರುಚೂರಾಗುತ್ತದೋ ಅಲ್ಲಿಗೆ ಕೈ ಹಾಕಬೇಕು.

ನಮ್ಮಲ್ಲಿ ಪ್ರತಿ ಕೋಣೆಯ ಬಾಗಿಲಿಗೂ ಒಂದು ಹಾಳೆ ತೂಗುತ್ತಿರುತ್ತದೆ. ಒಳಗೆ ಹೋದವರು ಸಹಿ ಹಾಕಿ ಹೊತ್ತು ಬರೆಯಬೇಕು. ಆ ಹಾಳೆಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಕೂತು ಚಿತ್ರ ಬರೆದೆ. ನಡುಮಧ್ಯದಲ್ಲಿ ಒಂದು ದಪ್ಪ ಚುಕ್ಕಿ ಬಂತು. ದಿನಕ್ಕೆ ನಾಲ್ಕು ಸಲ ಎಲ್ಲ ಕೋಣೆಗಳ ನೆಲ ಒರೆಸುವ ಅರಾಂಕಾ. ನಿರ್ದೇಶಕರ ಮುಖ ಅರಳಿತು.

"ನಂಗೆ ಮೊದ್ಲೇ ಗೊತ್ತಿತ್ತು. ಆ ರೋಮಾ ಅಲೆಮಾರಿ ಜನಾನೇ ಹಾಗೆ," ಎಂದರು.

ನಾನು ಬಾಯಿ ಮುಚ್ಚಿಕೊಂಡು ಬಂದೆ. ಥೂ, ಈಗ ನೆನೆಸಿಕೊಂಡರೂ ನಾಚಿಕೆಯಾಗುತ್ತದೆ.

ಸೋಮವಾರ ಅವಳೇ ನನ್ನ ಕೋಣೆಗೆ ನುಗ್ಗಿದಳು. ಕೈಯಲ್ಲಿ ಟೈಪ್ ಮಾಡಿದ ಪತ್ರ. 'ನನ್ನ ನಿರ್ಲಕ್ಷ್ಯದಿಂದ ಸೋಂಕು ಹರಡಿತು, ಕೆಲಸ ಬಿಡುತ್ತಿದ್ದೇನೆ.' ಶುಕ್ರವಾರದ ಸಭೆಯಲ್ಲಿ ಅದಕ್ಕೆ ಅವಳು ಸಹಿ ಹಾಕಬೇಕಿತ್ತು.

"ಏನಕ್ಕಾ, ನನ್ನ ಚಿತ್ರ ಬರ್ದಿದೀರಂತೆ? ಚೆನ್ನಾಗಿ ಬಂದಿದೀನಾ?"

"ಅರಾಂಕಾ, ಕೂತ್ಕೋ..."

"ಕೂರೋಕ್ ಬಂದಿಲ್ಲ. ತೋರ್ಸಿ ಮೊದ್ಲು."

ತೋರಿಸಿದೆ. ಕ್ಲೋರಿನ್ ನೀರಿಗೆ ಬಿರುಕುಬಿಟ್ಟ ಬೆರಳನ್ನು ಕಾಗದದ ಮೇಲೆ ಆಡಿಸುತ್ತಾ ಹೋದಳು. "ಇದು ನಾನು. ಇದು ನರ್ಸ್ ಎತೆಲ್ಕಾ. ಇದು ಊಟ ತರೋನು. ಸರಿ, ದೊಡ್ಡ ಡಾಕ್ಟ್ರ ಚುಕ್ಕಿ ಎಲ್ಲಕ್ಕಾ?"

ಹುಡುಕಿದೆ. ಇರಲಿಲ್ಲ.

"ಹಾಳೇಲಿ ಅವ್ರ ಸಹಿನೇ ಇಲ್ಲ ಕಣೇ," ಎಂದೆ.

"ಅವ್ರು ಯಾವತ್ತು ಬಾಗ್ಲಲ್ಲಿ ನಿಂತು ಸಹಿ ಹಾಕಿದ್ರು? ಸಹಿ ಹಾಕೋದು ನಮ್ಮಂಥೋರು. ಅವ್ರು ಬಾಲಾಟನ್ ಕೆರೆಗೆ ರಜಾ ಹೋಗಿದ್ರಲ್ಲ, ಆ ಹತ್ತು ದಿನಾನೂ ನಾನು ಇಲ್ಲೇ ನೆಲ ಒರೆಸ್ತಿದ್ದೆ. ಒಬ್ರಿಗಾದ್ರೂ ಹತ್ತಿತಾ ಈ ಪೀಡೆ? ನೋಡಿ, ಲೆಕ್ಕದೋರಲ್ವಾ ನೀವು!"

ನೋಡಿದೆ. ಆ ಹತ್ತು ದಿನಗಳಲ್ಲಿ ಹೊಸದಾಗಿ ಒಬ್ಬರಿಗೂ ಹತ್ತಿರಲಿಲ್ಲ. ನನಗೆ ನನ್ನ ಮೇಲೆಯೇ ಮೈಯುರಿಯುವಷ್ಟು ಸಿಟ್ಟು ಬಂತು. ಯಾರು ಯಾರನ್ನು ಮುಟ್ಟಿದರು ಎಂಬುದರ ಚಿತ್ರ ಬರೆದಿದ್ದೇನೆಂದು ಬೀಗಿದ್ದೆ. ಬರೆದದ್ದು ಯಾರು ಸಹಿ ಹಾಕಬೇಕಾದವರು ಎಂಬುದರ ಚಿತ್ರ.

ಮಂಗಳವಾರ ಮತ್ತು ಶುಕ್ರವಾರ ನಮ್ಮಲ್ಲಿ ದೊಡ್ಡ ಸುತ್ತು. ಮುಂದೆ ಮುಖ್ಯ ವೈದ್ಯ ಬಾರ್ಕೋತ್ಸಿ, ಹಿಂದೆ ಹನ್ನೆರಡು ಬಿಳಿ ಕೋಟುಗಳ ಮೆರವಣಿಗೆ. ಅವರು ಒಬ್ಬ ರೋಗಿಯನ್ನೂ ಬಿಡದೆ ಕೈಕುಲುಕುತ್ತಾರೆ. ಆ ಕೈಕುಲುಕಿಗಾಗಿಯೇ ಪಕ್ಕದ ಜಿಲ್ಲೆಗಳಿಂದಲೂ ಜನ ನಮ್ಮಲ್ಲಿಗೆ ಬಂದು ಸೇರುತ್ತಾರೆ. ಮಾರನೆಯ ದಿನ ನಾನೂ ಪೆನ್ಸಿಲ್ ಹಿಡಿದು ಆ ಸಾಲಿನ ಬಾಲಕ್ಕೆ ಸೇರಿಕೊಂಡೆ. ಮೂವತ್ತೊಂದು ಹಾಸಿಗೆ, ಮೂವತ್ತೊಂದು ಕೈಕುಲುಕು. ನಲ್ಲಿ ಒಂದು ಸಲವೂ ತಿರುಗಲಿಲ್ಲ.

ಚಿತ್ರವನ್ನು ಮತ್ತೆ ಬರೆದೆ, ಈ ಸಲ ಕೈ ತಾಗಿದಲ್ಲಿಗೆ ಮಾತ್ರ ಗೆರೆ. ಅರಾಂಕಾಳನ್ನು ಅಳಿಸಿದರೆ ಜಾಲ ಜಪ್ಪಯ್ಯ ಎನ್ನಲಿಲ್ಲ. ಡಾಕ್ಟರನ್ನು ಅಳಿಸಿದರೆ ಹರಿದು ಏಳು ತುಂಡಾಯಿತು.

ಶುಕ್ರವಾರ ಸಭೆ. ಅರಾಂಕಾಳನ್ನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಮುಂದೆ ಪತ್ರವನ್ನೂ ಪೆನ್ನನ್ನೂ ಇಟ್ಟಿದ್ದರು. ನಾನು ಆ ಪತ್ರದ ಮೇಲೆಯೇ ನನ್ನ ಹೊಸ ಚಿತ್ರ ಹರಡಿದೆ. "ಮೊದಲನೇದು ತಪ್ಪು. ತಪ್ಪು ನಂದು. ಸರಿಯಾದ್ದು ಇದು," ಎಂದು ಎಲ್ಲವನ್ನೂ ಬಿಡಿಸಿ ಹೇಳಿದೆ.

ಬಾರ್ಕೋತ್ಸಿ ಕನ್ನಡಕ ತೆಗೆದರು. "ಮೂವತ್ನಾಲ್ಕು ವರ್ಷ ಈ ಜನರ ಕೈ ಹಿಡಿದಿದೀನಿ ವಿಲ್ಮಾ. ನನ್ನನ್ನ ಒಂದು ಚುಕ್ಕಿ ಮಾಡ್ತೀರಾ?"

"ಎಲ್ರೂ ಚುಕ್ಕೀನೇ ಡಾಕ್ಟ್ರೇ. ನಾನೂ ಇದೀನಿ ನೋಡಿ, ಆ ಮೂಲೇಲಿ."

"ಈ ಕಾಗದ ಈ ಕೋಣೆ ದಾಟಬಾರದು," ಎಂದರು ನಿರ್ದೇಶಕರು.

"ದಾಟಿ ಆಯ್ತು. ಬೆಳಿಗ್ಗೇನೇ ಮೂರನೇ ಮಹಡಿ ಗೋಡೆಗೆ ಅಂಟಿಸಿದೀನಿ, ಕೆಳಗೆ ವಿವರಾನೂ ದೊಡ್ಡ ಅಕ್ಷರದಲ್ಲಿ ಬರ್ದು."

"ನಿಮ್ಮ ಕೆಲ್ಸ ಹೋಗುತ್ತೆ, ಗೊತ್ತಾ?"

"ಹೋಗ್ಲಿ ಬಿಡಿ. ಗೋಡೇನ ಏನ್ ಮಾಡ್ತೀರಿ?" ಎಂದೆ.

ಅರಾಂಕಾ ಎದ್ದು ನಿಂತಳು. ನನ್ನ ಚಿತ್ರದ ಕೆಳಗಿನಿಂದ ಆ ಪತ್ರವನ್ನು ಎಳೆದು ನಿರ್ದೇಶಕರತ್ತ ತಳ್ಳಿದಳು. "ದಿನಾ ಐವತ್ತು ಸಹಿ ಹಾಕ್ತೀನಿ ಸ್ವಾಮಿ. ಇದೊಂದಕ್ಕೆ ಹಾಕಲ್ಲ." ಮೇಜಿನ ಮೇಲಿನ ಪೆನ್ನನ್ನು ಎತ್ತಿ ಜೇಬಿಗಿಳಿಸಿಕೊಂಡು ಕೆಲಸಕ್ಕೆ ಹೊರಟೇಹೋದಳು.

ಹತ್ತು ಗಂಟೆಗೆ ದೊಡ್ಡ ಸುತ್ತು. ಏನೂ ಆಗೇ ಇಲ್ಲವೆಂಬಂತೆ ಬಾರ್ಕೋತ್ಸಿ ಮೂರನೆಯ ಮಹಡಿಗೆ ಬಂದರು, ಹಿಂದೆ ಹನ್ನೆರಡು ಕೋಟುಗಳು. ಮೊದಲ ಹಾಸಿಗೆ ಇಟ್ಟಿಗೆ ಕಾರ್ಖಾನೆಯಲ್ಲಿ ದುಡಿದ ಮಾರ್ಗಿತ್ ಅಜ್ಜಿಯದು. ಡಾಕ್ಟರು ಕೈ ಚಾಚಿದರು. ಅಜ್ಜಿ ಎರಡೂ ಕೈಗಳನ್ನು ಹೊದಿಕೆಯೊಳಗೆ ಸೇರಿಸಿಕೊಂಡಳು.

"ಗೋಡೆ ಮೇಲಿಂದು ಓದ್ದೆ ಮಗಾ. ಮೊದ್ಲು ಕೈ ತೊಳ್ಕೊಂಡ್ ಬಾ."

ಚಾಚಿದ ಕೈ ಹಾಗೇ ಗಾಳಿಯಲ್ಲಿ ಉಳಿಯಿತು. ಅವರ ಮುಖ ಕಿವಿಯ ತುದಿಯವರೆಗೂ ಕೆಂಪೇರಿತು. ಪಕ್ಕದ ಹಾಸಿಗೆಯವಳೂ, ಅದರಾಚೆಯವಳೂ ಕೈಗಳನ್ನು ಒಳಗೆಳೆದುಕೊಂಡರು. ಡಾಕ್ಟರು ತಿರುಗಿ ಮೂಲೆಯ ನಲ್ಲಿಯ ಹತ್ತಿರ ಹೋದರು. ಆ ಕೋಣೆಯಲ್ಲಿ ನೀರಿನ ಸದ್ದೊಂದೇ ತುಂಬ ಹೊತ್ತು ಕೇಳಿಸುತ್ತಿತ್ತು.

ಆ ಕೋಣೆ ಮುಗಿಸಿ ಹೊರಬರುವಾಗ ಬಾಗಿಲಿಗೆ ಅಡ್ಡಲಾಗಿ ಅರಾಂಕಾ ನಿಂತಿದ್ದಳು. ಒಂದು ಕೈಯಲ್ಲಿ ಹಾಳೆ, ಇನ್ನೊಂದರಲ್ಲಿ ಆ ಪೆನ್ನು. ಅವರು ಅವಳ ಮುಖ ನೋಡಲಿಲ್ಲ. ಪೆನ್ನು ತೆಗೆದುಕೊಂಡು, ಅವಳ ಸಹಿಯ ಕೆಳಗೆ ತಮ್ಮದನ್ನು ಗೀಚಿ, ಮುಂದೆ ಹೆಜ್ಜೆ ಇಟ್ಟರು.

ಅವಳು ದಾರಿ ಬಿಡಲಿಲ್ಲ.

"ನಿಲ್ಲಿ ಡಾಕ್ಟ್ರೇ," ಎಂದಳು. "ಟೈಮೂ ಬರೀಬೇಕು."