ಗೌರಾಬಾಯಿ ಬಂದ್ ಮಾಡಿದ ಮಷೀನು

೧೯೪೭ರ ಏಪ್ರಿಲ್. ಪುಣೆಯ ಡೆಕ್ಕನ್ ಜಿಮಖಾನಾ ಬಡಾವಣೆಯ ಬಿಂದುಮಾಧವರಾವ್ ವಕೀಲರ ಬಂಗಲೆಯಲ್ಲಿ ಜನ ನೋಡಲೆಂದೇ ಬರುವ ವಸ್ತುವೊಂದಿತ್ತು: ಕೋಣೆ ತಂಪು ಮಾಡುವ ಮಷೀನು. ದೇಶ ಬಿಟ್ಟು ಹೊರಟಿದ್ದ ಇಂಗ್ಲಿಷ್ ಅಧಿಕಾರಿಯಿಂದ ಕೊಂಡು, ತಾಯಿ ರಂಗೂಬಾಯಿಯವರ ಕೋಣೆಯ ಕಿಟಕಿಗೆ ಕೂಡಿಸಿದ್ದರು. ಸೆಕೆಯಾದರೆ ಮುದುಕಿಗೆ ಉಸಿರು ಸಿಕ್ಕುತ್ತಿರಲಿಲ್ಲ. ಅವರನ್ನು ಆರು ವರ್ಷಗಳಿಂದ ನೋಡಿಕೊಳ್ಳುತ್ತಿದ್ದವಳು ಧಾರವಾಡದ ಕಡೆಯ ವಿಧವೆ ಗೌರಾಬಾಯಿ. ದಿನವಿಡೀ ಆ ಮಷೀನಿನ ಪಕ್ಕ ಕೂಡುತ್ತಿದ್ದವಳೂ ಅವಳೇ.

ಒಂದು ಬೆಳಿಗ್ಗೆ ಅವಳು ವಕೀಲರನ್ನು ತಡೆದು ಹೇಳಿದಳು.

"ಮಷೀನು ಮೊದಲಿನಂಗ ಇಲ್ರಿ. ಅರ್ಧ ತಾಸಿನ್ಯಾಗ ಖೋಲಿ ತಂಪಾಗ್ತಿತ್ತು. ಈಗ ಮೂರು ತಾಸಾದ್ರೂ ಅವ್ವಾರ ಬೆವರು ಆರೂದಿಲ್ಲ. ಒಳಗಿನ ನಳಿಗಿಗೆ ಬರ್ಫ ಕಟ್ಟೇದ, ಗ್ವಾಡಿಗೆ ನೀರು ಇಳೀತದ."

"ತಂಪಿನ ಮಷೀನಿಗೆ ಬರ್ಫ ಕಟ್ಟದ ಇನ್ನೇನ ಕಟ್ತದ?" ವಕೀಲರು ನಕ್ಕರು. "ಮಷೀನಿನ ಮಾತು ನಿಮಗ ಬ್ಯಾಡ್ರಿ."

ಎರಡು ದಿನ ಬಿಟ್ಟು, ಒಳಗೆ ತಗಡು ಕೆರೆದಂತೆ ಸಪ್ಪಳ ಬರುತ್ತಿದೆ ಎಂದಳು. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

ಶನಿವಾರ ಮಧ್ಯಾಹ್ನ ರಬ್ಬರು ಸುಟ್ಟ ವಾಸನೆ ಬಂತು. ಗೌರಾಬಾಯಿ ಸ್ವಿಚ್ ಬಂದ್ ಮಾಡಿ, ರಂಗೂಬಾಯಿಯವರನ್ನು ತೋಳು ಹಿಡಿದು ವರಾಂಡಕ್ಕೆ ಕರೆತಂದು ಮಂಚದ ಮೇಲೆ ಮಲಗಿಸಿದಳು. ಅಷ್ಟರಲ್ಲಿ ವಕೀಲರು ಮೂವರು ಗೆಳೆಯರೊಡನೆ ಮಷೀನು ತೋರಿಸಲೆಂದೇ ಬಂದರು. ನಿಂತ ಮಷೀನು ನೋಡಿ ಅವರ ಮುಖ ಕೆಂಪಾಯಿತು.

"ಇದಕ್ಕ ಕೈ ಹಚ್ಚಲಿಕ್ಕೆ ಯಾರು ಹೇಳಿದ್ರು? ಕೆಡಿಸಿಟ್ರಿ. ನಾಳಿಂದ ಬರಬ್ಯಾಡ್ರಿ."

ಗೌರಾಬಾಯಿಯ ಕಿವಿ ಬಿಸಿಯಾದವು. ಎರಡು ಸಲ ಬಾಯಿ ಬಿಟ್ಟು ಹೇಳಿದವಳು ತಾನು. ಈಗ ಕೆಡಿಸಿದವಳೂ ತಾನೇ.

"ಮೊದಲ ಮಿಸ್ತ್ರಿನ ಕರಸ್ರಿ," ಎಂದಳು. "ಅವರು ನೋಡೂ ತನಕ ನಾ ಇಲ್ಲಿಂದ ಕದಲಾಂಗಿಲ್ಲ."

ದಂಡಿನ ಕ್ಯಾಂಪ್ ಪೇಟೆಯಿಂದ ಮಷೀನು ರಿಪೇರಿಯ ಫಕೀರಪ್ಪ ಮಿಸ್ತ್ರಿ ಬಂದ. ಹುಬ್ಬಳ್ಳಿಯ ರೇಲ್ವೆ ಕಾರಖಾನೆಯಲ್ಲಿ ಕೆಲಸ ಕಲಿತವನು. ಮುಚ್ಚಳ ಬಿಚ್ಚಿದ. ಗಾಳಿ ಎಳೆಯುವ ಜಾಳಿಗೆ ಧೂಳು ಕಂಬಳಿಯಂತೆ ಮೆತ್ತಿತ್ತು. ಪಂಖದ ರೆಕ್ಕೆ ವಾಲಿ ತಗಡಿಗೆ ಉಜ್ಜುತ್ತಿತ್ತು. ಅದರ ಮೋಟಾರಿನ ವಾಯರು ಸುಟ್ಟು ಕರ್ರಗಾಗಿತ್ತು.

"ಥಂಡಿ ಕಡಿಮಿ ಆತು, ಬರ್ಫ ಕಟ್ಟಿತು, ಸಪ್ಪಳ ಬಂತು. ಅವಾಗಽ ಕರೀಬೇಕಿತ್ತು ಸಾಹೇಬ್ರ," ಎಂದ. "ಸ್ವಿಚ್ ಯಾರು ಬಂದ್ ಮಾಡಿದ್ರು? ಇನ್ನ ಸ್ವಲ್ಪ ಹೊತ್ತಾಗಿದ್ರ ಕಿಟಕಿ ಪಡದಾಕ್ಕ ಬೆಂಕಿ ಹತ್ತತಿತ್ತು."

ಗೆಳೆಯರು ವಕೀಲರತ್ತ ನೋಡಿದರು. ವಕೀಲರು ಕೆಮ್ಮಿ, "ಆತು ಬಿಡ್ರಿ ಗೌರಾಬಾಯಿ, ನಾಳೆ ಬರ್ರಿ," ಎಂದರು.

"ಅಷ್ಟಕ್ಕ ಆಗೂದಿಲ್ರಿ ವಕೀಲರ. ಕೆಡಿಸಿಟ್ರಿ ಅಂತ ಇವರೆಲ್ಲರ ಮುಂದ ಅಂದೀರಿ. ಕೆಡಿಸಿಲ್ಲ ಅನ್ನೂದೂ ಇವರ ಮುಂದಽ ಆಗಬೇಕು."

ವರಾಂಡದ ಮಂಚದಿಂದ ರಂಗೂಬಾಯಿಯವರ ಸೋತ ಧ್ವನಿ ಬಂತು.

"ಬಿಂದೂ, ಹೇಳು. ನೀ ಹೇಳೂ ತನಕ ನಾ ಆ ಖೋಲ್ಯಾಗ ಕಾಲಿಡಾಂಗಿಲ್ಲ."

ವಕೀಲರು ನೆಲ ನೋಡುತ್ತ ಏನೋ ಗೊಣಗಿದರು.

"ನಿಮ್ಮ ಗೆಳ್ಯಾರಿಗೆ ಕೇಳಿಸಲಿಲ್ರಿ," ಎಂದಳು ಗೌರಾಬಾಯಿ.

ಎರಡನೆಯ ಸಲ ಅವರು ತಲೆ ಎತ್ತಿ ಹೇಳಿದರು: "ತಪ್ಪು ನಂದು. ಗೌರಾಬಾಯಿ ಏನೂ ಕೆಡಿಸಿಲ್ಲ. ಅವರು ಹೇಳಿದ್ರು, ನಾ ಕೇಳಲಿಲ್ಲ."

ಗೌರಾಬಾಯಿಯ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅವಳು ವರಾಂಡಕ್ಕೆ ಹೋಗಿ, ಬೀಸಣಿಗೆ ತೆಗೆದುಕೊಂಡು ರಂಗೂಬಾಯಿಯವರಿಗೆ ಗಾಳಿ ಹಾಕತೊಡಗಿದಳು.